ಮಳೆ ಸೀಮೆಯ ಹಿತ್ತಲು

ಆಷಾಢದಲ್ಲಿ ಸಕಲೇಶಪುರದ ಹೆತ್ತೂರು, ಹಾನುಬಾಳು ಕಡೆಯ ಹಳೆಯ ಮನೆಗಳ ಹಿಂಬಾಗಿಲು ತೆಗೆದು ಹಿತ್ತಲಿಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಕಾಲುವೆ. ಸೂರಿನ ನೀರು ಬೀಳುವ ಗೆರೆಗೆ ಒಂದು, ಬದನೆ ಸಾಲಿನ ಬದಿಗೆ ಒಂದು, ಬೇಲಿಯಂಚಿಗೆ ಮೊಣಕಾಲಾಳದ್ದು ಮತ್ತೊಂದು. ಮೂರೂ ಕೂಡಿಕೊಂಡು ತಗ್ಗಿನ ಬಾಳೆ ಬುಡಕ್ಕೋ ಗದ್ದೆಯ ಕಡೆಗೋ ಹರಿಯುತ್ತಿರುತ್ತವೆ. ಮೇ ತಿಂಗಳಲ್ಲೇ ಮನೆಯವರು ಗುದ್ದಲಿ ಹಿಡಿದು ಇವನ್ನೆಲ್ಲ ಕೆತ್ತಿ ಮುಗಿಸಿರುತ್ತಾರೆ. ಬೇರೆ ಊರಿನಿಂದ ಬಂದು ಮನೆ ಕಟ್ಟಿದವರು ಗಿಡ ನೆಟ್ಟ ಮೇಲೆ ನೀರಿನ ಯೋಚನೆ ಮಾಡುತ್ತಾರೆ. ಇಲ್ಲಿಯವರು ನೀರಿಗೆ ದಾರಿ ಬಿಟ್ಟು, ಉಳಿದ ಜಾಗವನ್ನು ಗಿಡಕ್ಕೆ ಕೊಡುತ್ತಾರೆ. ಸಕಲೇಶಪುರ, ಆಲೂರಿನ ಗುಡ್ಡಗಳಲ್ಲಿ ಕೈತೋಟ ಮಾಡುವವರು ಕಲಿಯಬೇಕಾದ ಮೊದಲ ಪಾಠ ಇದು. ಬಯಲುಸೀಮೆಯ ತಾರಸಿ ತೋಟಗಳನ್ನು ಮೊಬೈಲಿನಲ್ಲಿ ನೋಡಿ ಗಿಡ ಬೆಳೆಸಲು ಹೊರಟವರಿಗೆ ಸಿಗದ ಪಾಠವೂ ಇದೇ.

ಇಲ್ಲಿನ ಕಾಫಿ ಬೆಳೆಗಾರರು ಮಳೆಯನ್ನು ಇಂದಿಗೂ ಇಂಚು, ಸೆಂಟುಗಳಲ್ಲಿ ಅಳೆಯುತ್ತಾರೆ. ನೂರು ಸೆಂಟು ಸೇರಿದರೆ ಒಂದು ಇಂಚು, ಅಂದರೆ 25 ಮಿಲಿಮೀಟರಿಗೆ ಕೊಂಚ ಮೇಲೆ. 'ನಿಮ್ಮಲ್ಲಿ ಎಷ್ಟು ಸೆಂಟು?' ಎನ್ನುವುದು ಬೆಳಗಿನ ಫೋನಿನ ಮೊದಲ ಮಾತು. ಸಕಲೇಶಪುರ ಪಟ್ಟಣದ ಸುತ್ತಮುತ್ತ ವರ್ಷಕ್ಕೆ 80 ಇಂಚಿನ ಆಸುಪಾಸು ಮಳೆ. ಪಡುವಣ ಘಟ್ಟದಂಚಿನ ಕಾಡುಮನೆ, ಬಿಸಿಲೆ ಕಡೆ ಅದಕ್ಕಿಂತ ಬಹಳ ಹೆಚ್ಚು ಸುರಿಯುತ್ತದೆ. ಮೂಡಣಕ್ಕೆ ಆಲೂರು ಸೀಮೆಗೆ ಇಳಿದರೆ ಸುಮಾರು ಅರ್ಧಕ್ಕೆ ಬರುತ್ತದೆ. ಬಸ್ಸಿನಲ್ಲಿ ಒಂದೆರಡು ತಾಸಿನ ದಾರಿಯೊಳಗೆ ಇಷ್ಟು ಅಂತರ. ಹಾಗಾಗಿ ಆಲೂರಿನಲ್ಲಿ ಚೆನ್ನಾಗಿ ಬಂದ ಗುಲಾಬಿ ಹೆತ್ತೂರಿನಲ್ಲಿ ಏಕೆ ಬರಲಿಲ್ಲ ಎಂದು ಕೊರಗಬೇಕಿಲ್ಲ. ಅದು ಕೈಗುಣದ ದೋಷವಲ್ಲ.

ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿ ಇರಬೇಕು, ಬೇರು ಉಸಿರಾಡುವುದು ಅದರಿಂದ. ವಾರಗಟ್ಟಲೆ ಮಳೆ ಬಿಡದೆ ಹೊಯ್ದಾಗ ಆ ಸಂದುಗಳನ್ನೆಲ್ಲ ನೀರು ತುಂಬಿಕೊಳ್ಳುತ್ತದೆ. ಬೇರು ಉಸಿರುಗಟ್ಟಿ ಕಪ್ಪಾಗುತ್ತದೆ. ಸೋತ ಬೇರಿಗೆ ಫೈಟಾಫ್ತೊರಾ, ಪಿಥಿಯಂ ಎಂಬ ಕೊಳೆರೋಗದ ಜೀವಿಗಳು ಮುತ್ತುತ್ತವೆ. ಇವುಗಳ ಬೀಜಾಣುಗಳಿಗೆ ನೀರಿನಲ್ಲಿ ಈಜುವ ಶಕ್ತಿಯಿದೆ, ಒಂದು ಬುಡದಿಂದ ಇನ್ನೊಂದು ಬುಡಕ್ಕೆ ಹೋಗಲು ನಿಂತ ನೀರಿದ್ದರೆ ಸಾಕು. ಕಾಳುಮೆಣಸಿನ ಬಳ್ಳಿ ಹತ್ತಾರು ದಿನದಲ್ಲಿ ಸೊರಗುವುದೂ, ಅಡಿಕೆ ಉದುರುವುದೂ, ಶುಂಠಿ ಕೊಳೆಯುವುದೂ ಈ ಬಳಗದಿಂದಲೇ. ಬೇರು ಕೊಳೆತ ಗಿಡ ನೋಡುವುದಕ್ಕೆ ಬಾಯಾರಿದ ಗಿಡದಂತೆಯೇ ಇರುತ್ತದೆ, ಎಲೆ ಜೋತು ಬೀಳುತ್ತದೆ. ಅದನ್ನು ಕಂಡು ಮರುಕದಿಂದ ಇನ್ನೊಂದು ಚೊಂಬು ನೀರು ಹೊಯ್ಯುವವರಿದ್ದಾರೆ. ಎಲೆ ಬಾಡಿದ್ದು ಕಂಡಾಗ ಮೊದಲು ಬುಡದ ಮಣ್ಣಿಗೆ ಬೆರಳು ಹಾಕಿ ನೋಡಬೇಕು. ಒದ್ದೆಯಿದ್ದರೆ ಗಿಡಕ್ಕೆ ಬೇಕಾದದ್ದು ಗುದ್ದಲಿ.

ಏರುಮಡಿ ಏನೆಂದು ಆಲೂರಿನ ಶುಂಠಿ ಬೆಳೆಗಾರರನ್ನು ಕೇಳಬೇಕು. ಒಂದು ಮೊಳ ಎತ್ತರ, ಎರಡು ಮಡಿಗಳ ನಡುವೆ ಆಳದ ಬಸಿಗಾಲುವೆ, ಇಳಿಜಾರಿಗೆ ಅಡ್ಡವಾಗಿ ಮಡಿ, ಕೊನೆಯಲ್ಲಿ ನೀರು ಹೊರಹೋಗಲು ಬಾಯಿ. ಹಿತ್ತಲಿನ ಮೆಣಸು, ಬದನೆ, ಬೀನ್ಸಿಗೂ ಇದೇ ಲೆಕ್ಕ. ಮಡಿಯ ಮೇಲೆ ತರಗು ಹೊದಿಸಿದರೆ ಮಳೆಹನಿಯ ಹೊಡೆತಕ್ಕೆ ಮಣ್ಣು ಸಿಡಿದು ಎಲೆಯ ಅಡಿಗೆ ಹತ್ತುವುದಿಲ್ಲ. ರೋಗ ಮೇಲೆ ಹತ್ತುವುದು ಬಹುಪಾಲು ಆ ಸಿಡಿತದಿಂದಲೇ. ಆದರೆ ತರಗು ಕಾಂಡಕ್ಕೆ ತಾಗಬಾರದು, ಒಂದು ಗೇಣು ದೂರ ಇರಲಿ. ಅಡಿಗೆಗೆ ಸಂತೆಯಿಂದ ತಂದ ಶುಂಠಿಯನ್ನೇ ಹಿತ್ತಲಲ್ಲಿ ಊರುವ ಅಭ್ಯಾಸವನ್ನು ಮಾತ್ರ ಬಿಡಬೇಕು. ಕೊಳೆರೋಗ ಗೆಡ್ಡೆಯ ಜೊತೆಗೇ ಮನೆಗೆ ಬರುತ್ತದೆ, ಬಂದರೆ ಆ ಜಾಗವನ್ನು ವರ್ಷಗಟ್ಟಲೆ ಬಿಡುವುದಿಲ್ಲ.

ಮಳೆ ಇನ್ನೊಂದು ಕೆಲಸವನ್ನೂ ಸದ್ದಿಲ್ಲದೆ ಮಾಡುತ್ತದೆ. ಮಣ್ಣಿನ ಸುಣ್ಣದ ಅಂಶವನ್ನು, ಮೆಗ್ನೀಸಿಯಂ ಅನ್ನು ತೊಳೆದುಕೊಂಡು ಹೇಮಾವತಿ ಹೊಳೆಗೆ ಒಯ್ಯುತ್ತದೆ. ಉಳಿಯುವುದು ಹುಳಿಮಣ್ಣು. ಇದನ್ನು ತಿಳಿಯಲು ಪ್ರಯೋಗಾಲಯಕ್ಕೇ ಹೋಗಬೇಕೆಂದಿಲ್ಲ, ಎಸ್ಟೇಟ್ ಬಂಗಲೆಗಳ ಮುಂದಿನ ಹೈಡ್ರೇಂಜಿಯಾ ನೋಡಿದರೆ ಸಾಕು. ಹುಳಿಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಬೇರಿಗೆ ಸಿಗುತ್ತದೆ, ಹೂವು ನೀಲಿಯಾಗುತ್ತದೆ. ಅದೇ ಗಿಡದ ಕಡ್ಡಿಯನ್ನು ಸುಣ್ಣದ ಗಾರೆ ಉದುರಿದ ಹಳೆ ಗೋಡೆಯ ಬುಡದಲ್ಲಿ ನೆಟ್ಟರೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನಿಮ್ಮ ಮನೆಯ ಹೈಡ್ರೇಂಜಿಯಾ ಗಾಢ ನೀಲಿ ಬಿಡುತ್ತಿದೆಯೆಂದರೆ ಪಕ್ಕದ ತರಕಾರಿ ಮಡಿಗೆ ಸುಣ್ಣ ಬೇಕು ಎಂದೇ ತಿಳಿಯಬಹುದು. ಕೃಷಿ ಸುಣ್ಣ ಅಥವಾ ಡೋಲೊಮೈಟ್ ಹಾಕುವುದಾದರೆ ನೆಡುವುದಕ್ಕೆ ಮೂರು ನಾಲ್ಕು ವಾರ ಮುಂಚೆ ಹಾಕಿ ಮಣ್ಣಿಗೆ ಬೆರೆಸಬೇಕು. ಸುಣ್ಣವನ್ನೂ ಹಸಿ ಸಗಣಿ ಗೊಬ್ಬರವನ್ನೂ ಒಟ್ಟಿಗೆ ಹಾಕಬಾರದು, ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಒಲೆಯ ಬೂದಿ, ಸುಡುಮಣ್ಣು ಹಾಕುತ್ತಿದ್ದ ಅಜ್ಜಿಯರು ಮಾಡುತ್ತಿದ್ದದ್ದು ಮಣ್ಣಿನ ಹುಳಿ ತಗ್ಗಿಸುವ ಈ ಕೆಲಸವನ್ನೇ. ಬೂದಿಯಲ್ಲಿ ಸುಣ್ಣವೂ ಇದೆ, ಪೊಟ್ಯಾಶ್ ಕೂಡ ಇದೆ.

ಇಷ್ಟೆಲ್ಲ ಮಾಡಿದರೂ ಕೆಲವು ಗಿಡಗಳಿಗೆ ಮದ್ದು ಬೇಕಾಗುತ್ತದೆ. ಮಲೆನಾಡಿಗೆ ಒಪ್ಪಿದ ಮದ್ದು ಬೋರ್ಡೊ ದ್ರಾವಣ. ಫ್ರಾನ್ಸಿನ ಮಿಲಾರ್ಡೆ 1885ರಲ್ಲಿ ದ್ರಾಕ್ಷಿ ತೋಟಕ್ಕಾಗಿ ಪ್ರಕಟಿಸಿದ ಇದನ್ನು ಅಡಿಕೆಯ ಕೊಳೆರೋಗಕ್ಕೆ ಮೈಸೂರು ಸೀಮೆಯಲ್ಲಿ ಬಳಕೆಗೆ ತಂದವರು ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಆರಂಭವಾದದ್ದರ ಹಿಂದೆಯೂ ಅವರಿದ್ದರು. ಹಿತ್ತಲಿನ ಮಟ್ಟಕ್ಕೆ 100 ಗ್ರಾಂ ಮೈಲುತುತ್ತವನ್ನು 5 ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನೊಂದು 5 ಲೀಟರ್ ನೀರಿನಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟಿನಲ್ಲಿ ಕರಗಿಸಿ, ಎರಡನ್ನೂ ಏಕಕಾಲಕ್ಕೆ ಮೂರನೆಯ ಬಕೆಟಿಗೆ ಸುರಿಯಬೇಕು. ಉಜ್ಜಿದ ಕಬ್ಬಿಣದ ಚಾಕುವನ್ನು ಕೆಲ ನಿಮಿಷ ಅದ್ದಿಟ್ಟು ತೆಗೆದಾಗ ತಾಮ್ರದ ಕೆಂಪು ಹತ್ತಿದ್ದರೆ ಇನ್ನಷ್ಟು ಸುಣ್ಣ ಹಾಕಬೇಕು. ಅಂದಂದು ಮಾಡಿದ್ದನ್ನು ಅಂದೇ ಸಿಂಪಡಿಸಬೇಕು. ಮುಂಗಾರು ಬಿರುಸಾಗುವ ಮುಂಚೆ ಒಮ್ಮೆ, ಮಧ್ಯೆ ಹೊಳವಾದಾಗ ಇನ್ನೊಮ್ಮೆ. ಕಿತ್ತು ತಿನ್ನುವ ಸೊಪ್ಪಿನ ಮೇಲೆ ಮಾತ್ರ ಬೇಡ.

ಹೆದ್ದಾರಿಯ ಬದಿಯಲ್ಲೂ ಪೇಟೆಯ ಬೀದಿಗಳಲ್ಲೂ ಲಾರಿ, ಟೆಂಪೊಗಳಲ್ಲಿ ಗಿಡ ಮಾರಲು ಬರುತ್ತಾರೆ. ಬಹಳಷ್ಟು ಗಿಡಗಳು ಆಂಧ್ರದ ಗೋದಾವರಿ ದಂಡೆಯ ಕಡಿಯಂ ನರ್ಸರಿಗಳವು. ನೋಡಲು ಚೆಂದ, ಬೆಲೆಯೂ ಕಡಿಮೆ. ಆದರೆ ಬೇರಿನ ಸುತ್ತ ಅಲ್ಲಿಯ ಜಿಗುಟು ಮಣ್ಣಿನ ಉಂಡೆ ಇರುತ್ತದೆ. ಅದನ್ನು ಹಾಗೆಯೇ ನಮ್ಮ ಸಡಿಲ ಕೆಂಪು ಮಣ್ಣಿನಲ್ಲಿ ಇಟ್ಟರೆ ಮಳೆನೀರು ಆ ಉಂಡೆಯೊಳಗೆ ನಿಂತುಬಿಡುತ್ತದೆ, ಬೇರು ಹೊರಗೆ ಹೆಜ್ಜೆ ಇಡುವುದೇ ಇಲ್ಲ. ತಂದ ಗಿಡವನ್ನು ಕೆಲ ದಿನ ನೆರಳಿನಲ್ಲಿಟ್ಟು, ನೆಡುವಾಗ ಅರ್ಧದಷ್ಟಾದರೂ ಜೇಡಿಯನ್ನು ನೀರಿನಲ್ಲಿ ಮೃದುವಾಗಿ ತೊಳೆದು ನೆಟ್ಟರೆ ಉಳಿಯುತ್ತದೆ. ಕೊಳ್ಳುವುದಾದರೆ ಮಳೆಗಾಲ ಕಳೆದ ಮೇಲೆ ಕೊಳ್ಳುವುದೇ ಲೇಸು.

ಯಾವಾಗ ಏನು ನೆಡಬೇಕು ಎಂಬುದಕ್ಕೆ ಇಲ್ಲಿ ಇಂಗ್ಲಿಷ್ ತಿಂಗಳುಗಳಿಗಿಂತ ಮಳೆ ನಕ್ಷತ್ರಗಳೇ ನಂಬಿಕೆಯವು. ಭರಣಿ ಮಳೆ ಬಿದ್ದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ. ಏಪ್ರಿಲ್ ಕೊನೆಯಿಂದ ಮೇ ಮೊದಲ ಭಾಗದ ಆ ಮಳೆಗೆ ಅರಿಶಿನ, ಶುಂಠಿ, ಸುವರ್ಣಗೆಡ್ಡೆ, ಕೆಸು, ಡೇಲಿಯಾ ಗೆಡ್ಡೆಗಳು ಮಣ್ಣಿಗೆ ಸೇರಬೇಕು. ಸೌತೆ, ಹೀರೆ, ಹಾಗಲದ ಬೀಜವನ್ನು ಮೇ ತಿಂಗಳಲ್ಲೇ ಹಾಕಿ, ಬಿರುಮಳೆ ಹಿಡಿಯುವ ಮುಂಚೆ ಬಳ್ಳಿ ಚಪ್ಪರ ಹತ್ತುವಂತೆ ನೋಡಿಕೊಳ್ಳಬೇಕು. ಗೌರಿ ಹಬ್ಬಕ್ಕೆ ಮನೆಯ ಸೌತೆಕಾಯಿ ಸಿಗುವುದು ಆಗಲೇ. ಜೂನ್ ಕೊನೆಯ ಆರಿದ್ರದಿಂದ ಆಗಸ್ಟಿನ ಆಶ್ಲೇಷದವರೆಗೆ ಬೀಜ ಬಿತ್ತುವ ಆಸೆ ಬೇಡ. ಅದು ಕಡ್ಡಿ ಊರುವ ಕಾಲ. ದಾಸವಾಳ, ಚಕ್ರಮುನಿ, ಹೈಡ್ರೇಂಜಿಯಾ, ಬೇಲಿಯ ಗೊಬ್ಬರದ ಗಿಡ ಎಲ್ಲವೂ ಮುರಿದು ಊರಿದ ಕಡೆ ಬೇರು ಬಿಡುತ್ತವೆ. ಕೋಸು, ಬೀನ್ಸ್, ಮೂಲಂಗಿ, ಬಟಾಣಿ, ಕೊತ್ತಂಬರಿಗಳ ಕಾಲ ಅಕ್ಟೋಬರಿನ ಚಿತ್ತೆ, ಸ್ವಾತಿ ಮಳೆಗಳಿಂದ ಶುರು. ಮಣ್ಣಿನಲ್ಲಿ ತೇವ ಇರುತ್ತದೆ, ಆಕಾಶ ತೆರೆದಿರುತ್ತದೆ, ಇಬ್ಬನಿ ಬೀಳುತ್ತದೆ. ಮಲೆನಾಡಿನ ತರಕಾರಿ ಹಂಗಾಮು ದೀಪಾವಳಿಯಿಂದ ಯುಗಾದಿವರೆಗೆ. ಬೀಜದ ಪೊಟ್ಟಣದ ಮೇಲೆ 'ಜೂನ್-ಜುಲೈ ಬಿತ್ತನೆ' ಎಂದು ಅಚ್ಚಾಗಿದ್ದರೆ ಅದು ನಮ್ಮ ಊರಿಗೆ ಬರೆದದ್ದಲ್ಲ.

ಹಾಗಾದರೆ ನಡುವಿನ ಮೂರು ತಿಂಗಳು ಊಟಕ್ಕೇನು? ಇಲ್ಲಿಯ ಹಿತ್ತಲಿನ ಜಾಣತನ ಕಾಣುವುದು ಇಲ್ಲಿಯೇ. ಬೇರೆ ಗಿಡಗಳು ಕೊಳೆಯುವ ನೀರಿನಲ್ಲಿ ಕೊಬ್ಬುವ ಗಿಡ ಕೆಸು. ಬಚ್ಚಲು ನೀರು ಹರಿದುಹೋಗುವ ಜಾಗ ಅದರದ್ದು. ಎಲೆಗೆ ಪತ್ರೊಡೆ, ದಂಟಿಗೆ ಹುಳಿ, ಗೆಡ್ಡೆಗೆ ಸಾರು, ಬಿಸಾಡುವ ಭಾಗವೇ ಇಲ್ಲ. ಅದರೊಳಗಿನ ಆಕ್ಸಲೇಟ್ ಸೂಜಿಗಳು ಗಂಟಲು ಕೆರೆಯುವಂತೆ ಮಾಡುತ್ತವೆ, ಅದಕ್ಕೇ ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸುವುದು. ಮಳೆ ಹಿಡಿದ ಮೇಲೆ ಹಳೆ ಮರಗಳ ಕವಲಿನ ಹಾವಸೆಯಲ್ಲಿ ಮರಕೆಸು ಚಿಗುರುತ್ತದೆ, ಪತ್ರೊಡೆಗೆ ಅದಕ್ಕಿಂತ ರುಚಿಯದು ಇಲ್ಲ ಎನ್ನುವವರ ಪಕ್ಷ ನನ್ನದು. ಬೇಲಿಗೆ ನೆಟ್ಟ ಚಕ್ರಮುನಿ ವರ್ಷವಿಡೀ ಸೊಪ್ಪು ಕೊಡುತ್ತದೆ. ಒದ್ದೆ ಅಂಚಿನಲ್ಲಿ ಒಂದೆಲಗ ತಾನಾಗಿ ಹಬ್ಬುತ್ತದೆ. ಸೀಮೆಬದನೆ ಚಪ್ಪರಕ್ಕೆ ಹತ್ತಿಬಿಟ್ಟರೆ ನೆಂಟರಿಗೆ ಹಂಚಿ ಮುಗಿಯದಷ್ಟು ಕಾಯಿ. ಮೆಕ್ಸಿಕೊ ಮೂಲದ ಈ ಬಳ್ಳಿಯನ್ನು ನಮ್ಮ ಕಡೆಗೆ ತಂದ ಹೆಸರು ಲಾಲ್‌ಬಾಗಿನ ಅಧಿಕಾರಿಯಾಗಿದ್ದ ಜಾನ್ ಕ್ಯಾಮರಾನ್ ಅವರದ್ದು, ಬೆಂಗಳೂರು ಬದನೆ ಎಂದೂ ಅದನ್ನು ಕರೆಯುವುದು ಅದಕ್ಕೇ. ಇಷ್ಟು ಗಿಡಗಳಿದ್ದರೆ ಘಾಟಿ ರಸ್ತೆ ಮುಚ್ಚಿ ತರಕಾರಿ ಗಾಡಿ ಬಾರದ ವಾರದಲ್ಲೂ ಅಡಿಗೆ ನಿಲ್ಲುವುದಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದು ಶಿರಾಡಿ ಘಾಟಿ ಮುಚ್ಚಿದ್ದನ್ನು ಈ ಸೀಮೆ ಮರೆತಿಲ್ಲ.

ಹೂವಿನ ವಿಷಯಕ್ಕೆ ಬಂದರೆ ಮಲೆನಾಡಿನ ಮಳೆಗಾಲದ ರಾಣಿ ಡೇಲಿಯಾ. ಅದೂ ಮೆಕ್ಸಿಕೊದ್ದೇ, 1963ರಿಂದ ಆ ದೇಶದ ರಾಷ್ಟ್ರೀಯ ಹೂವು. ಅಲ್ಲಿಯ ಬೆಟ್ಟಗಳ ತಂಪಿಗೆ ಒಗ್ಗಿದ ಗಿಡ ಇಲ್ಲಿಯ ತಂಪನ್ನು ತನ್ನದೆಂದುಕೊಂಡಿತು. ಗೆಡ್ಡೆ ಊರುವಾಗಲೇ ಪಕ್ಕದಲ್ಲಿ ಕೋಲು ನೆಡಬೇಕು. ಗಿಡ ಬೆಳೆದ ಮೇಲೆ ಕೋಲು ಚುಚ್ಚಿದರೆ ಗೆಡ್ಡೆಗೆ ಗಾಯವಾಗಿ ಕೊಳೆ ಶುರುವಾಗುತ್ತದೆ. ನಾಲ್ಕೈದು ಎಲೆಜೋಡಿ ಬಂದಾಗ ತುದಿ ಚಿವುಟಿದರೆ ಕವಲು ಹೆಚ್ಚು. ಹೂವು ಮುಗಿದು ದಂಟು ಒಣಗಿದ ಮೇಲೆ ಗೆಡ್ಡೆ ಅಗೆದು, ಹಳೆಯ ದಂಟಿನ ತುಂಡು ಅಂಟಿಕೊಂಡಿರುವಂತೆಯೇ ಒಣ ಮರಳಿನಲ್ಲಿ ಅಥವಾ ಬೂದಿಯಲ್ಲಿ ಇಡಬೇಕು. ಕಣ್ಣು ಇರುವುದು ಆ ದಂಟು ಸೇರುವ ಕುತ್ತಿಗೆಯಲ್ಲಿ, ಬರೀ ಗೆಡ್ಡೆ ಚಿಗುರುವುದಿಲ್ಲ.

ಈ ಹೂಗಿಡಗಳು ಊರಿಂದೂರಿಗೆ ಹಬ್ಬಿದ್ದು ಅಂಗಡಿಗಳಿಂದಲ್ಲ. ಈ ಸೀಮೆಯ ದಕ್ಷಿಣ ಮಂಜರಾಬಾದಿನಲ್ಲಿ 1843ರಲ್ಲಿ ಫ್ರೆಡರಿಕ್ ಗ್ರೀನ್ ಕಾಫಿ ತೋಟ ಆರಂಭಿಸಿದ ಮೇಲೆ ಬಂದ ಯುರೋಪಿಯನ್ ಪ್ಲಾಂಟರುಗಳ ಬಂಗಲೆ ಅಂಗಳಗಳಿಂದ, ಅಲ್ಲಿ ಕೆಲಸ ಮಾಡಿದ ಮಾಲಿಗಳ ಕೈಯಿಂದ, ಆಮೇಲೆ ಹೆಂಗಸರ ಸೆರಗಿನಲ್ಲಿ. ಮದುವೆಗೆ ಹೋದವರು ಊಟ ಮುಗಿಸಿ ಅಂಗಳ ಸುತ್ತುತ್ತಾರೆ. 'ಅಕ್ಕಾ, ಈ ಬಣ್ಣದ್ದು ನಮ್ಮಲ್ಲಿಲ್ಲ, ಒಂದು ಗೆಲ್ಲು ಮುರ್ಕೊಳ್ಲಾ?' 'ಅಯ್ಯೋ ತಗೊಳ್ಳಮ್ಮ, ನೀ ಬರೋವಾಗ ಆ ಕೆಂಪು ಸೇವಂತಿಗೆ ತಂದ್ಕೊಡು.' ಇಷ್ಟೇ ವ್ಯವಹಾರ. ತೋಟದ ಕೆಲಸಗಾರರ ಲೈನ್ ಮನೆಗಳ ಮುಂದೆ ಹಳೆ ಡಬ್ಬಗಳಲ್ಲಿ ಅರಳಿದ ಕಾಕಡ, ಕನಕಾಂಬರ, ಒಂದು ಜೀರಿಗೆ ಮೆಣಸಿನ ಗಿಡ ಕೂಡ ಇದೇ ಹಾದಿಯಲ್ಲಿ ಬಂದವು. ಸ್ವಂತ ನೆಲ ಇಲ್ಲದವರೂ ಬೆಳೆಸುವ ಈ ಡಬ್ಬದ ತೋಟಗಳ ಬಗ್ಗೆ ನನಗೆ ಬಂಗಲೆ ತೋಟಕ್ಕಿಂತ ಹೆಚ್ಚು ಗೌರವ.

ಆರ್ಕಿಡ್ ಬಗ್ಗೆ ಒಂದು ಮಾತು ಹೇಳಲೇಬೇಕು. ಮುಂಗಾರಿನ ಆಸುಪಾಸಿಗೆ ನರಿಯ ಬಾಲದಂತೆ ಜೋತು ಅರಳುವ ಸೀತಾಳೆ ದಂಡೆಗೆ ಮನಸೋಲದವರಿಲ್ಲ. ಬಿಸಿಲೆಯಂಥ ಕಾಡಿಗೆ ಹೋಗಿ ಮರದಿಂದ ಕಿತ್ತು ತರುವುದು ಮಾತ್ರ ಬೇಡ. ತೋಟಗಳಲ್ಲಿ ನೆರಳು ಮರಗಳ ಕೊಂಬೆ ಸವರುವ ಮರಗಸಿ ಮಾಡುವಾಗ ಕೊಂಬೆಗಳ ಜೊತೆ ಎಷ್ಟೋ ಆರ್ಕಿಡ್‌ಗಳು ನೆಲಕ್ಕೆ ಬಿದ್ದು ಸೌದೆ ರಾಶಿಗೆ ಸೇರುತ್ತವೆ. ಅವನ್ನು ಎತ್ತಿಕೊಂಡು ಬಂದು ಅಂಗಳದ ಹಲಸು, ಮಾವಿನ ಒರಟು ತೊಗಟೆಗೆ ಬಾಳೆನಾರಿನಿಂದ ಕಟ್ಟಿದರೆ ಮಳೆ ಮುಗಿಯುವುದರೊಳಗೆ ಬೇರು ಕಚ್ಚಿಕೊಳ್ಳುತ್ತವೆ, ನಾರು ತಾನಾಗಿ ಕಳಚುತ್ತದೆ. ಮಣ್ಣು, ಗೊಬ್ಬರ ಏನೂ ಬೇಡ.

ಅಂಗಳದ ಹಲಸು ಎಂದೆ. ಆ ಮರದ ಮೇಲೆಯೇ ಈಗ ಕತ್ತಿ ಬೀಳುತ್ತಿದೆ. ಕಾಡಾನೆಗಳು ಸಕಲೇಶಪುರ, ಆಲೂರಿನ ತೋಟಗಳಲ್ಲೇ ನೆಲೆ ನಿಂತು ದಶಕಗಳಾದವು. 2014ರಲ್ಲಿ ಈ ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರೂ ಬರುವುದು ನಿಲ್ಲಲಿಲ್ಲ. ಮೈಸೂರು ದಸರಾದಲ್ಲಿ ಎಂಟು ಬಾರಿ ಅಂಬಾರಿ ಹೊತ್ತ ಸಾಕಾನೆ ಅರ್ಜುನ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಮಡಿದದ್ದು 2023ರ ಡಿಸೆಂಬರ್ 4ರಂದು, ಸಕಲೇಶಪುರ ತಾಲ್ಲೂಕಿನ ಯಸಳೂರು ಬಳಿ. ಹಿತ್ತಲಿನ ಹಲಸು ಹಣ್ಣಾದರೆ ವಾಸನೆ ಹಿಡಿದು ಆನೆ ಅಡಿಗೆಮನೆಯ ಗೋಡೆಯವರೆಗೆ ಬರುತ್ತದೆ. ಬಾಳೆಯ ದಿಂಡಿಗೂ ಬರುತ್ತದೆ. ರಾತ್ರಿ ಬಾಗಿಲು ತೆಗೆಯಲು ಹೆದರುವ ಮನೆಯವರಿಗೆ ಮರ ಉಳಿಸಿ ಎಂದು ಪಟ್ಟಣದಲ್ಲಿ ಕೂತು ಉಪದೇಶ ಮಾಡುವುದು ಸರಿಯಲ್ಲ.

ಆದರೆ ದಾರಿಯಿದೆ. ಹಲಸನ್ನು ಕಡಿಯುವ ಬದಲು ಏಪ್ರಿಲಿನಿಂದಲೇ ಎಳೆಗಾಯಿಗಳನ್ನು ಇಳಿಸಿಬಿಟ್ಟರೆ ಪಲ್ಯಕ್ಕಾಯಿತು, ಹಪ್ಪಳಕ್ಕಾಯಿತು, ಹಣ್ಣಿನ ವಾಸನೆ ಏಳುವುದಿಲ್ಲ. ಇಳಿಸಿದ ಕಾಯಿಯ ತ್ಯಾಜ್ಯವನ್ನೂ ಮನೆಯ ಹತ್ತಿರ ರಾಶಿ ಹಾಕದೆ ಅಂದೇ ಗುಂಡಿಯಲ್ಲಿ ಮುಚ್ಚಬೇಕು. ಬಾಳೆಯನ್ನು ಮಲಗುವ ಕೋಣೆ, ಕೊಟ್ಟಿಗೆಗಳಿಂದ ದೂರ ಇಡಬೇಕು. ಮನೆಗೆ ಹತ್ತಿರದ ಸುತ್ತಿನಲ್ಲಿ ಹೇರಳೆ, ನಿಂಬೆ, ಜೀರಿಗೆ ಮೆಣಸು, ಅರಿಶಿನ, ಶುಂಠಿ ಇರಲಿ. ಇವು ಆನೆಯ ಬಾಯಿಗೆ ಹಿತವಲ್ಲ, ಕರೆದು ತರುವುದಿಲ್ಲ. ದಾರಿಯಲ್ಲಿ ಸಿಕ್ಕರೆ ತುಳಿದು ಹೋಗಬಹುದು, ಅದಕ್ಕೆ ಸಿದ್ಧರಿರಬೇಕು. ಸಂಜೆಯ ಮೇಲೆ ಹಿತ್ತಲಿಗೆ ಸೊಪ್ಪು ಕೀಳಲು ಇಳಿಯುವ ಅಭ್ಯಾಸವನ್ನು ಈ ಸೀಮೆಯ ಹೆಂಗಸರು ಪೂರ್ತಿ ಬಿಡಬೇಕು. ಆನೆ ಇರುವ ಜಾಗದ ಬಗ್ಗೆ ಮೊಬೈಲಿಗೆ ಬರುವ ಸಂದೇಶವನ್ನು ಮನೆಯ ಗಂಡಸರಷ್ಟೇ ಓದಿ ಜೇಬಿಗೆ ಹಾಕಿಕೊಂಡರೆ ಪ್ರಯೋಜನವಿಲ್ಲ.

ಇನ್ನೊಂದು ಶತ್ರು ಸಣ್ಣದು, ನಿಧಾನದ್ದು. ಆಫ್ರಿಕಾದ ದೈತ್ಯ ಬಸವನಹುಳು 1847ರಲ್ಲಿ ಕೋಲ್ಕತ್ತಕ್ಕೆ ಬಂದದ್ದು ಈಗ ಪಕ್ಕದ ಕೊಡಗಿನ ಶನಿವಾರಸಂತೆ ಸೀಮೆಯ ಕಾಫಿಯವರೆಗೂ ಕಾಡಿದೆ. ಹಿತ್ತಲಿಗೆ ಬಂದರೆ ಪಪ್ಪಾಯಿ ಎಲೆ, ಕೋಸಿನ ಎಲೆಗಳನ್ನು ಒದ್ದೆ ಗೋಣಿಚೀಲದ ಅಡಿಯಲ್ಲಿ ಸಂಜೆ ಇಟ್ಟು, ಬೆಳಗ್ಗೆ ಸೇರಿದ್ದನ್ನೆಲ್ಲ ಹೆಕ್ಕಿ ಉಪ್ಪುನೀರಿಗೆ ಹಾಕಬೇಕು. ಕೈಗವಸು ತೊಟ್ಟೇ ಮುಟ್ಟಬೇಕು. ಮನುಷ್ಯರ ಮಿದುಳಿಗೆ ತೊಂದರೆ ಮಾಡುವ ಪರೋಪಜೀವಿ ಹುಳು ಅದರಲ್ಲಿರಬಹುದು.

ಬೀಜದ ಮಾತು ಕೊನೆಗೆ ಉಳಿಸಿಕೊಂಡೆ, ಏಕೆಂದರೆ ಅದೇ ದೊಡ್ಡದು. ಮಲೆನಾಡಿನಲ್ಲಿ ಬೀಜ ಕಾಪಾಡಿದ್ದು ಒಲೆ. ಸೌತೆ ಬೀಜವನ್ನು ಬೂದಿ, ಸಗಣಿಯಲ್ಲಿ ಕಲಸಿ ಗೋಡೆಗೆ ತಟ್ಟುತ್ತಿದ್ದರು. ಅವರೆ, ಬೀನ್ಸ್ ಬೀಜ ಸೋರೆ ಬುರುಡೆಯಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ತೂಗುತ್ತಿತ್ತು. ಮೂರು ತಿಂಗಳು ಬಟ್ಟೆ ಒಣಗದ ಊರಿನಲ್ಲಿ ಬೀಜ ಬೂಷ್ಟು ಹಿಡಿಯದಂತೆ ಹೊಗೆ ಕಾಯುತ್ತಿತ್ತು. ಗ್ಯಾಸ್ ಬಂತು, ಹೆಂಗಸರ ಕಣ್ಣುರಿ ತಪ್ಪಿತು, ಅದು ಒಳ್ಳೆಯದೇ ಆಯಿತು. ಆದರೆ ಅಟ್ಟದ ಬೀಜ ಒಂದೇ ಮಳೆಗಾಲದಲ್ಲಿ ಹಾಳಾಗತೊಡಗಿತು, ಪೊಟ್ಟಣದ ಬೀಜ ಆ ಜಾಗಕ್ಕೆ ಬಂತು. ಬೇರೆ ಹವೆಗೆ ತಯಾರಾದ ಆ ಬೀಜ ನಮ್ಮ ಮಳೆಯಲ್ಲಿ ಕೊಳೆತಾಗ 'ಇಲ್ಲಿ ತರಕಾರಿ ಬರಲ್ಲ' ಎಂಬ ಮಾತು ಹುಟ್ಟಿತು. ಎಷ್ಟೋ ಹಿತ್ತಲುಗಳು ಇಂಟರ್‌ಲಾಕ್ ಅಂಗಳಗಳಾದದ್ದು ಈ ಮಾತಿನ ಮೇಲೆಯೇ. ಒಲೆಗೆ ಮರಳಬೇಕೆಂದು ನಾನು ಹೇಳುವುದಿಲ್ಲ. ಮಾರ್ಚಿ ತಿಂಗಳ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದ ಬೀಜವನ್ನು ಜರಡಿ ಹಿಡಿದ ಒಣ ಬೂದಿಯೊಂದಿಗೆ ಬೆರೆಸಿ, ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ತುಂಬಿ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿಟ್ಟರೆ ಮುಂದಿನ ಭರಣಿಗೆ ಮೊಳಕೆ ಬರುತ್ತದೆ.

ಶಿರಸಿಯಲ್ಲಿ ವನಸ್ತ್ರೀ ಎಂಬ ಮಹಿಳೆಯರ ಬಳಗ 2001ರಿಂದ ಹಿತ್ತಲಿನ ಬೀಜ, ಗೆಡ್ಡೆ, ಕಡ್ಡಿಗಳನ್ನು ಉಳಿಸುವ ಕೆಲಸ ಮಾಡುತ್ತಿದೆ, ಮಳೆಗಾಲದ ಮುಂಚೆ ಮಲೆನಾಡು ಮೇಳ ನಡೆಸಿ ಅವನ್ನು ಕೈಯಿಂದ ಕೈಗೆ ದಾಟಿಸುತ್ತಿದೆ. ಅಂಥದ್ದು ಸಕಲೇಶಪುರಕ್ಕೂ ಬೇಕು. ಡೋಣಿಗಾಲಿನಲ್ಲಿ ಏಲಕ್ಕಿ ಸಂಶೋಧನಾ ಕೇಂದ್ರವಿದೆ, ಪಕ್ಕದ ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜಿದೆ, ಊರೂರಲ್ಲಿ ಬೆಳೆಗಾರರ ಸಂಘ, ಸ್ತ್ರೀಶಕ್ತಿ ಸಂಘಗಳಿವೆ. ಇವರೆಲ್ಲ ಸೇರಿ ಮೇ ತಿಂಗಳ ಒಂದು ಭಾನುವಾರ ಬೀಜ, ಕಡ್ಡಿಗಳ ಸಂತೆ ಕೂಡಿಸಲಿ. ದುಡ್ಡಿನ ವ್ಯಾಪಾರ ಬೇಡ, ಒಂದು ತಂದವರು ಒಂದು ಒಯ್ಯಲಿ. ಹೆತ್ತೂರಿನ ಕರಿಕೆಸು ಆಲೂರಿಗೆ ಹೋಗಲಿ, ಆಲೂರಿನ ಅವರೆ ಬೆಳಗೋಡಿಗೆ ಬರಲಿ. ಬರುವವರು ತಮ್ಮ ತೋಟದ ಲೈನ್ ಮನೆಯ ಹೆಂಗಸರನ್ನೂ ಜೀಪಿನಲ್ಲಿ ಕೂರಿಸಿಕೊಂಡು ಬನ್ನಿ. ಅವರ ಡಬ್ಬಗಳಲ್ಲಿ ನಿಮ್ಮ ಹಿತ್ತಲಿನಿಂದ ಎಂದೋ ಕಳೆದುಹೋದ ಗಿಡಗಳಿರಬಹುದು.